ಹೊಸತೊಡಕಿನ ದಿನ ಆಂಜನಮ್ಮ ಕೂಗಿದ ಹೆಸರು

ಆಂಜನಮ್ಮನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಮರ್ಫಿ ಟೌನಿನ ನಮ್ಮ ಬೀದಿ ನಲ್ಲಿಯ ಹತ್ತಿರ. ಆಗ ನನ್ನ ದೊಡ್ಡ ಮಗಳಿಗೆ ಹಲ್ಲು ಬರುತ್ತಿತ್ತು. ಹಿಂದಿನ ಬೀದಿಯ ಪರ್ವೀನ್ ಕೊಡಕ್ಕೆ ನೀರು ಬಿಟ್ಟುಕೊಂಡು, "ಕೇಳಿದ್ಯಾ? ನಿಮ್ ಬೀದಿ ಮುನಿಶಾಮಿ ತಂಗಿ ವಾಪಸ್ ಬಂದವ್ಳೆ. ಗಂಡ ಕಾಮಾಲೆ ಆಗಿ ಹೋಗ್ಬಿಟ್ನಂತೆ. ಬಂದಾಗಿಂದ ಹುಡ್ಗಿ ಒಂದ್ಕಡೆ ಕೂತಿಲ್ವಂತೆ ಕಣೇ. ಗುಡಿಸಿದ್ದೇ ಗುಡಿಸೋದು, ತೊಳೆದಿದ್ದೇ ತೊಳೆಯೋದು" ಎಂದಳು.

ಅವತ್ತು ನಾನು ಅಯ್ಯೋ ಪಾಪ ಅಂದುಕೊಂಡೆ. ಹೊಸ ದುಃಖ, ಸ್ವಲ್ಪ ದಿನ ಹೋದರೆ ಕೂರುತ್ತಾಳೆ ಅಂದುಕೊಂಡೆ. ಅವಳು ಕೂರಲೇ ಇಲ್ಲ. ಮುನಿಶಾಮಿಯ ಹೆಂಡತಿ ನರೇಶನನ್ನು ಹೆತ್ತು ಬಾಣಂತನದಲ್ಲೇ ಹೋದ ಮೇಲಂತೂ ಆ ಮನೆಯಲ್ಲಿ ಕೂರುವುದಕ್ಕೆ ಅವಳಿಗೆ ಪುರಸೊತ್ತೂ ಇರಲಿಲ್ಲ. ನರೇಶನನ್ನು ಸಾಕಿದಳು. ಬೆಳಗಿನ ಹೊತ್ತು ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ಅಡುಗೆ, ಮಧ್ಯಾಹ್ನದಿಂದ ಅಣ್ಣನ ಮನೆಯ ಅಡುಗೆ. ಉಣ್ಣುವುದು ಸ್ಟವ್ ಪಕ್ಕ ನಿಂತುಕೊಂಡೇ. ನನ್ನ ಮನೆಗೆ ಮಾತಾಡಲು ಬಂದರೂ ಬಾಗಿಲಿಗೆ ಒರಗಿ ನಿಲ್ಲುವಳು. ನಾನೂ ಪರ್ವೀನೂ ಕುತ್ತಿಗೆ ಎತ್ತಿ ಎತ್ತಿ ಮಾತಾಡಿ ಕತ್ತು ನೋಯಿಸಿಕೊಂಡವರು.

ಒಂದು ದಿನ ಮಾತ್ರ ಅವಳು ಕೂತದ್ದನ್ನು ನಾನು ಕಂಡೆ. ಜೀವನ್ ಬಿಮಾ ನಗರದ ಹಿಂದಿನ ರಸ್ತೆಯಲ್ಲಿ ಮುತ್ತಣ್ಣನ ಹಿಟ್ಟಿನ ಗಿರಣಿ ಇದೆ. ಕೆ.ಆರ್. ಪುರದವನು, ಹೆಂಡತಿ ತೀರಿಹೋಗಿ ಬಹಳ ಕಾಲವಾದವನು, ಹುಬ್ಬಿನ ಮೇಲೂ ಹಿಟ್ಟು. ನಾನು ರಾಗಿ ಬೀಸಿಸಲು ಹೋದಾಗ ಆಂಜನಮ್ಮ ಅಲ್ಲಿ ಸ್ಟೂಲಿನ ಮೇಲೆ ಕೂತು, ಮೆಣಸಿನಕಾಯಿ ಘಾಟಿಗೆ ಸೆರಗು ಮುಚ್ಚಿಕೊಂಡು, ಅವನು ಹೇಳಿದ ಯಾವುದೋ ಮಾತಿಗೆ ನಗುತ್ತಿದ್ದಳು. ಮಂಡಿನೋವು ಶುರುವಾಗಿರಬೇಕು ಅಂತ ನಾನು ಬಗೆದೆ. ನನ್ನ ಬುದ್ಧಿ ಅಷ್ಟೇ.

ಹೋದ ವರ್ಷ ಯುಗಾದಿ ಭಾನುವಾರ ಬಂತು. ಸೋಮವಾರ ನಮಗೆ ಹೊಸತೊಡಕು, ಪರ್ವೀನಿಗೆ ರಂಜಾನ್. ಶನಿವಾರದಿಂದಲೇ ಬೀದಿಗೆ ರಜೆಯ ಕಳೆ ಬಂದಿತ್ತು. ಮಧ್ಯಾಹ್ನ ಮೂವರೂ ನನ್ನ ಬಾಗಿಲಲ್ಲಿ ಸೇರಿದೆವು. ಪರ್ವೀನ್ ಉಪವಾಸದಲ್ಲಿದ್ದಳು, ಅವಳ ಮಾತಿಗೆ ಉಪವಾಸವಿರಲಿಲ್ಲ.

"ರಸೆಲ್ ಮಾರ್ಕೆಟಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಶ್ಯಾವಿಗೆ ತಗೊಳ್ಳೋ ಅಷ್ಟೊತ್ತಿಗೆ ನಂದೊಂದು ಚಪ್ಲಿ ಅಲ್ಲೇ ಉಳ್ಕೊಂತು."

"ಇನ್ನೊಂದ್ ಯಾಕೆ ಹೊತ್ಕೊಂಡ್ ಬಂದೆ?" ಅಂದೆ.

"ಹೊಸದು ಕಣೇ. ಬಿಸಾಕಕ್ಕೆ ಮನಸ್ ಬರ್ಲಿಲ್ಲ."

ಟ್ಯಾಂಕರ್ ನೀರಿನ ಮಾತು, ನನ್ನ ಮೊಮ್ಮಗಳ ಮೊಬೈಲ್ ಹುಚ್ಚಿನ ಮಾತು, ಎಲ್ಲ ಆಯಿತು. ಆಂಜನಮ್ಮ ಒಬ್ಬಟ್ಟಿನ ಬೇಳೆಯ ಮೊರ ಹಿಡಿದು ನಿಂತೇ ಕಲ್ಲು ಆರಿಸುತ್ತಿದ್ದಳು. ಎರಡು ಸಲ ಬೀದಿಯ ತುದಿಯವರೆಗೆ ಸುಮ್ಮನೆ ಹೋಗಿ ಬಂದಳು. ಮೂರನೇ ಸಲ ಹೊರಟಾಗ ಪರ್ವೀನ್ ಅವಳ ಸೆರಗು ಹಿಡಿದಳು. "ಏನೈತೆ ನಿಂಗೆ ಇವತ್ತು? ಇರುವೆ ಬಿಟ್ಕೊಂಡಿದ್ಯಾ?"

"ಮುತ್ತಣ್ಣ ಕೇಳವ್ರೆ," ಎಂದಳು ಆಂಜನಮ್ಮ, ಮೊರದಿಂದ ಕಣ್ಣು ಎತ್ತದೆ.

"ಏನಂತ? ಮಿಲ್ ಕೆಲಸಕ್ಕಾ?" ಅಂದೆ ನಾನು.

"ಮನೆಗೆ."

"ಮನೆ ಕೆಲಸಕ್ಕಾ?"

ಪರ್ವೀನ್ ನನ್ನ ತೊಡೆಗೆ ಗುದ್ದಿದಳು. "ಪೆದ್ದಿ. ಮದ್ವೆಗೆ."

ಆಂಜನಮ್ಮ ಮೊರವನ್ನು ನನ್ನ ಮಡಿಲಿಗಿಟ್ಟು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಸೋಮವಾರ ಸಾಯಂಕಾಲದೊಳಗೆ ಹೇಳು ಅಂದವ್ರೆ. ಆಮೇಲೆ ಕೇಳಲ್ವಂತೆ. ಮತ್ತೆ ಮತ್ತೆ ಕೇಳಿದ್ರೆ ಕಾಟ ಕೊಟ್ಟಂಗಾಗುತ್ತೆ ಅಂತಾರೆ. ನಂಗೆ ಹೋಗ್ಬೇಕು ಅಂತೈತೆ ಅಕ್ಕ. ಅಣ್ಣಂಗೆ ಹೇಳಕ್ಕೆ ಬಾಯಿ ಬರಲ್ಲ. ಹೇಳ್ದೆ ಹೋಗಕ್ಕೆ ಕಾಲು ಬರಲ್ಲ."

"ಇವತ್ತೇ ಹೇಳ್ಬಿಡು," ಅಂದಳು ಪರ್ವೀನ್.

"ಹಬ್ಬ ಒಂದು ಮುಗೀಲಿ," ಅಂದೆ ನಾನು.

"ಹಬ್ಬ ಮುಗಿದ್ರೆ ಗಡುವೂ ಮುಗೀತು. ನಿನ್ ಮಾತು ಕೇಳಿದ್ರೆ ಇವಳು ಇಲ್ಲೇ ನಿಂತ್ಕೊಂಡೇ ಸಾಯ್ತಾಳೆ," ಎಂದು ಪರ್ವೀನ್ ನನಗೇ ಬೈದಳು.

ಭಾನುವಾರ ಬೆಳಿಗ್ಗೆ ಆಂಜನಮ್ಮ ಒಬ್ಬಟ್ಟು ತಂದಳು. "ಹೇಳಿದ್ಯಾ?" ಎಂದು ಕೇಳಿದೆ. "ಬೇವು ಬೆಲ್ಲ ಕೊಡೋವಾಗ ಬಾಯಿ ತೆಗೆದೆ. ಟೀವಿ ಸೌಂಡ್ ಜಾಸ್ತಿ ಮಾಡು ಅಂದ." ಮಧ್ಯಾಹ್ನ ಬಂದು ಬಾಗಿಲಲ್ಲೇ, "ಮಲಗವ್ನೆ" ಅಂದು ಹೋದಳು. ನಾನೂ ಒಂದು ಕಡೆ ಕೂರಲಿಲ್ಲ. ಒಳಗೆ ಹೋಗುವೆ, ಹೊರಗೆ ಬರುವೆ, ಅವರ ಮನೆಯ ಕಡೆ ಕಿವಿ ಕೊಡುವೆ.

ಸಂಜೆ ಬೀದಿಯವರೆಲ್ಲ ತಾರಸಿ ಹತ್ತಿ ಚಂದ್ರನನ್ನು ಹುಡುಕಿದರು. ನಮಗೆ ಯುಗಾದಿ ಚಂದ್ರ, ಪರ್ವೀನಿನವರಿಗೆ ಹಬ್ಬದ ಚಂದ್ರ, ಇಬ್ಬರೂ ನೋಡುತ್ತಿದ್ದದ್ದು ಹಲಸೂರು ಕಡೆಯ ಅದೇ ಮೋಡದ ಸಂದಿಯನ್ನು. ಚಂದ್ರ ಕಂಡ ಮೇಲೆ ಕಿರಿಯರು ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ಪದ್ಧತಿ. ಆಂಜನಮ್ಮ ಮುನಿಶಾಮಿಯ ಕಾಲಿಗೆ ಬಿದ್ದವಳು ಬೇಗ ಏಳಲಿಲ್ಲ. ಈಗ ಹೇಳುತ್ತಾಳೆ ಅಂತ ನಾನು ತಾರಸಿಯ ಗೋಡೆ ಹಿಡಿದುಕೊಂಡೆ.

"ಸಾಕು ಏಳು," ಎಂದ ಮುನಿಶಾಮಿ. "ಹೊಟ್ಟೆ ಹಸೀತೈತೆ."

ಹೊಸತೊಡಕಿಗೆ ನಮ್ಮ ಬೀದಿಯಲ್ಲಿ ಗುಡ್ಡೆ ಮಾಂಸ. ಎಲ್ಲರೂ ಸೇರಿ ಕುರಿ ತಂದು, ಮುನೇಶ್ವರನ ಗುಡಿಯ ಪಕ್ಕ ಕೊಯ್ದು, ಬಾಳೆ ಎಲೆಗಳ ಮೇಲೆ ಮನೆಗೊಂದು ಗುಡ್ಡೆ ಹಾಕುತ್ತಾರೆ. ಒಂದರಲ್ಲಿ ತೊಡೆ ಜಾಸ್ತಿ, ಇನ್ನೊಂದರಲ್ಲಿ ಮೂಳೆ ಜಾಸ್ತಿ ಅಂತ ಜಗಳ ಬರಬಾರದಲ್ಲ, ಅದಕ್ಕೆ ಒಬ್ಬರು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಇನ್ನೊಬ್ಬರು ಒಂದು ಗುಡ್ಡೆಗೆ ಕಡ್ಡಿ ತೋರಿಸಿ ಯಾರದು ಅಂತ ಕೇಳುತ್ತಾರೆ. ಬೆನ್ನು ಹಾಕಿದವರು ಯಾವ ಮನೆಯ ಹೆಸರು ಕೂಗುತ್ತಾರೋ ಅದು ಅವರದು. ಕೂಗಿದ್ದನ್ನು ಬದಲಾಯಿಸುವ ಹಾಗಿಲ್ಲ. ಈ ಕಟ್ಟುಪಾಡು ಹಾಕಿದವನು ಮುನಿಶಾಮಿಯೇ. ಕೂಗುವವಳು ಎಷ್ಟೋ ವರ್ಷದಿಂದ ಆಂಜನಮ್ಮ. ಅವಳ ಕೂಗಿಗೆ ಯಾರೂ ತಕರಾರು ಎತ್ತಿದವರಲ್ಲ.

ಆ ದಿನ ಕಡ್ಡಿ ಹಿಡಿದವನು ನರೇಶ. "ಇದು ಯಾರ್ದು ಅತ್ತೆ?"

"ಎದುರು ಮನೆ ಸುಕನ್ಯಂದು."

"ಇದು?"

"ಮೂಲೆ ಮನೆ ಸುನೀಲಂದು."

"ಇದು?"

"ಮುತ್ತಣ್ಣಂದು."

ನರೇಶ ನಕ್ಕ. "ಯಾವ ಮುತ್ತಣ್ಣ ಅತ್ತೆ? ನಮ್ ಬೀದೀಲಿ ಯಾರವ್ರೆ ಆ ಹೆಸರಿನೋರು?"

ಆಂಜನಮ್ಮನ ಬೆನ್ನು ಅಲುಗಾಡಲಿಲ್ಲ. ಮುನಿಶಾಮಿ ಅನ್ನಲು ಹೋಗಿ ಬಾಯಿತಪ್ಪಿ ಬಂತು ಅಂದಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಹಾಗನ್ನು, ಹಾಗನ್ನು ಅಂತ ನನ್ನ ಮನಸ್ಸು ಬಡಿದುಕೊಂಡಿತು. ಅನ್ನಬೇಡ ಅಂತಲೂ ಬಡಿದುಕೊಂಡಿತು. ಅವಳು ಈ ಕಡೆ ತಿರುಗಿ ನಿಂತಳು. ಅವಳ ಮುಖ ಬೆವರಿತ್ತು.

"ಹಿಟ್ಟಿನ ಮಿಲ್ಲಿನ ಮುತ್ತಣ್ಣ. ಕೂಗಿದ್ದು ಕೂಗಿದ್ದೇ. ಮುಂದಿನ ಗುಡ್ಡೆ ತೋರ್ಸು ನರೇಶ," ಎಂದು ಮತ್ತೆ ಬೆನ್ನು ಹಾಕಿದಳು.

ಉಳಿದ ಹೆಸರುಗಳನ್ನು ಕೂಗಿ ಮುಗಿಸಿದಳು. ಗುಡ್ಡೆಗಳು ಮುಗಿದವು. ಮುನಿಶಾಮಿ ಸ್ಟೀಲ್ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದ.

"ನಮ್ದು?"

ಆಂಜನಮ್ಮ ಅಣ್ಣನ ಮುಂದೆ ಬಂದು ನಿಂತಳು. "ನಮ್ ಮನೆ ಹೆಸರು ಬರ್ಲಿಲ್ಲ ಅಣ್ಣ. ಬೇಕಂತ ಮಾಡಿದ್ದಲ್ಲ. ನಾನು ಮುತ್ತಣ್ಣನ್ನ ಮದ್ವೆ ಆಗ್ತೀನಿ. ಎರಡು ದಿನದಿಂದ ಹೇಳ್ಬೇಕು ಅಂತಿದ್ದೆ."

ಮುನಿಶಾಮಿ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಅವನು ಯಾರು, ಎಂಥವನು, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನಾ ಅಂತ ಕೇಳಲಿಲ್ಲ. "ಮತ್ತೆ ಅಡುಗೆ ಯಾರ್ ಮಾಡ್ತಾರೆ?" ಎಂದ.

ಹಿಂದೆ ಸುಕನ್ಯ ಸಣ್ಣಗೆ ನಕ್ಕಳು. ಅದು ಅವನಿಗೆ ಕೇಳಿಸಿತು. ಕಿವಿಯವರೆಗೂ ಕೆಂಪಾದ. "ಹೋಗು. ಹೋದ್ಮೇಲೆ ನನ್ ಬಾಗಿಲಿಗೆ ಬರ್ಬೇಡ," ಎಂದು ಬರಿಯ ಪಾತ್ರೆಯೊಂದಿಗೆ ಮನೆಗೆ ನಡೆದ. ನರೇಶ ಕಡ್ಡಿಯನ್ನು ಮುರಿದು ಮುರಿದು ಬಿಸಾಕುತ್ತಾ ಅಲ್ಲೇ ನಿಂತಿದ್ದ. ಆಮೇಲೆ ಅವನೇ ಬಗ್ಗಿ ಮುತ್ತಣ್ಣನ ಗುಡ್ಡೆಯನ್ನು ಎಲೆಯಲ್ಲಿ ಕಟ್ಟಿ ಅತ್ತೆಯ ಕೈಗೆ ಕೊಟ್ಟ.

ಮಧ್ಯಾಹ್ನ ಪರ್ವೀನ್ ಹೊಸ ಸೀರೆ ಉಟ್ಟು ಶ್ಯಾವಿಗೆಯ ಶೀರ್ ಖುರ್ಮಾ ತಂದಾಗ ಆಂಜನಮ್ಮ ಒಂದು ಬ್ಯಾಗು, ಆ ಎಲೆಯ ಕಟ್ಟು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು. ಅವಳು ಫೋನ್ ಮಾಡಿದ್ದಕ್ಕೆ ದೊಡ್ಡ ರಸ್ತೆಯಲ್ಲಿ ಮುತ್ತಣ್ಣ ಆಟೋ ನಿಲ್ಲಿಸಿಕೊಂಡು ಕಾದಿದ್ದ.

"ಇವತ್ತಾದ್ರೂ ಕೂತ್ಕೊಂಡ್ ಕುಡಿಯೇ," ಅಂದಳು ಪರ್ವೀನ್.

"ಕೂತ್ರೆ ಏಳಕ್ಕಾಗಲ್ಲ ಪರ್ವೀನಕ್ಕ." ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ, ಅಣ್ಣನ ಮನೆಯ ಮುಚ್ಚಿದ ಬಾಗಿಲನ್ನು ನೋಡುತ್ತಾ ಬಾಯಿ ಒರೆಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. ಆಮೇಲೆ ನಾವು ಫೋನಿನಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಆದರೆ ನನ್ನಿಂದ ಏನಾದರೂ ಆಗಬೇಕು ಅಂತ ಅವಳು ಕೇಳಿದ್ದು ಇದೇ ಕೊನೆ.

"ಅಕ್ಕ, ಇನ್ನೇನು ಅಣ್ಣ ನಿನ್ ಮನೆಗೆ ಬರ್ತಾನೆ. ಹಸಿವು ತಡ್ಕೊಳ್ಳಲ್ಲ ಅವನು. ಮುಖ ಸಣ್ಣದು ಮಾಡ್ಕೊಂಡು ನಿಲ್ತಾನೆ, ನಿಂಗೆ ಕರುಳು ಚುರ್ ಅನ್ನುತ್ತೆ, ನಂಗೊತ್ತು. ಅನ್ನ ಹಾಕ್ಬೇಡ. ಸಾರು ಕೊಡ್ಬೇಡ. ಅಕ್ಕಿ ಡಬ್ಬ ಎಲ್ಲೈತೆ ಅಂತ ಕೇಳಿದ್ರೆ ಹೇಳು, ನೀರೆಷ್ಟು ಇಡ್ಬೇಕು ಅಂದ್ರೆ ಹೇಳು. ಸ್ಟವ್ ಮಾತ್ರ ಅವನೇ ಹಚ್ಚಲಿ. ಏನಕ್ಕ, ಆಗುತ್ತಾ ನಿನ್ ಕೈಲಿ?"