ಪಾರಿವಾಳಗಳ ಪಾಲು

ಹೂರಬಾಯಿ ನನ್ನ ಅಣ್ಣನ ಹೆಂಡತಿ. ನಾದಿನಿಯ ಮಾತಿನಲ್ಲಿ ಸ್ವಲ್ಪ ಹುಳಿ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ. ಆದರೆ ಅವಳನ್ನು ನನ್ನಷ್ಟು ಹತ್ತಿರದಿಂದ ಕಂಡವರು ಇಂಗ್ಲೆಂಡಿನ ಈ ಬೋಲ್ಟನ್ನಿನಲ್ಲಿ ಇನ್ನೊಬ್ಬರಿಲ್ಲ. ಒಂದೇ ಮನೆಯಲ್ಲಿ ಬಾಳಿದೆವು, ಒಂದೇ ಹತ್ತಿ ಗಿರಣಿಯಲ್ಲಿ ದುಡಿದೆವು. ಗಿರಣಿ ಮುಚ್ಚಿದ ಮೇಲೆ ನಾನು ಟಿವಿ ಮುಂದೆ ಕೂತೆ, ಅವಳು ಹಾಲ್ ಶುರು ಮಾಡಿದಳು.

ಹಾಲ್ ಎಂದರೆ ನಮ್ಮ ಬೀದಿಯ ಕೊನೆಯಲ್ಲಿದ್ದ ಹಳೆಯ ಚರ್ಚು. ಜನ ಬರುವುದು ನಿಂತು ಪಾಳುಬಿದ್ದಿದ್ದ ಅದನ್ನು ನಮ್ಮ ಜಮಾತಿನವರು ಕೊಂಡಿದ್ದರು. ಗಂಡಸರೆಲ್ಲ ಇನ್ನೊಂದು ಮಸೀದಿ ಕಟ್ಟೋಣ ಎಂದು ಗಡ್ಡ ನೀವಿಕೊಳ್ಳುತ್ತಿದ್ದಾಗ ಹೆಂಗಸರ ಪರದೆಯ ಹಿಂದಿನಿಂದ ಹೂರಬಾಯಿ ಕೂಗಿದಳು.

"ಇರೋ ಮಸೀದೀಲಿ ಬೆಳಗಿನ ಫಜರ್ ನಮಾಜಿಗೆ ಮೊದಲನೇ ಸಾಲು ತುಂಬಲ್ಲ, ಇನ್ನೊಂದು ಯಾರಿಗೆ? ಈ ಬೀದೀಲಿ ಹೀಟರ್ ಹಚ್ಚೋಕೂ ಹೆದರಿ ಕಂಬಳಿ ಹೊದ್ಕೊಂಡು ಕೂತಿರೋ ಮುದುಕ್ರನ್ನ ನೋಡಿದೀರಾ? ಅವರಿಗೊಂದು ಬೆಚ್ಚಗಿನ ಜಾಗ ಮಾಡಿ. ಕರಿಯರು, ಬಿಳಿಯರು, ನಮ್ಮೋರು, ನಿಮ್ಮೋರು ಅನ್ನಬೇಡಿ. ನೆರೆಯವನು ಹಸಿದಿದ್ರೆ ನಮಗೆ ಅನ್ನ ಇಳಿಯಬಾರ್ದು."

ಪ್ರವಾದಿಗಳೇ ಹೇಳಿದ ನೆರೆಯವನ ಮಾತು ಎತ್ತಿದ ಮೇಲೆ ಯಾವ ಗಡ್ಡವೂ ಅಲ್ಲಾಡಲಿಲ್ಲ. ಅಧ್ಯಕ್ಷರು ಹಾಜಿ ದಾವೂದ್ ಸಾಹೇಬರು ಎಂದು ಬಾಗಿಲ ಮೇಲೆ ಬರೆಸಿದರು. ಬೀಗದ ಕೈಗೊಂಚಲು ಮಾತ್ರ ಹೂರಬಾಯಿಯ ಸೊಂಟ ಸೇರಿತು.

ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಹೇಳುತ್ತ ಹೋದರೆ ಅವಳನ್ನು ಹೊಗಳಿದ ಹಾಗಾಗುತ್ತದೆ, ಅದು ನನ್ನಿಂದಾಗದು. ಮಕ್ಕಳಿಗೆ ಪಾಠ, ಹೆಂಗಸರಿಗೆ ಹೊಲಿಗೆ, ಆಸ್ಪತ್ರೆಗೆ ಹೋಗುವವರಿಗೆ ಜೊತೆ. ಆದರೆ ಆ ಹಾಲ್‌ನ ಜೀವ ಇದ್ದದ್ದು ಬುಧವಾರದ ಊಟದಲ್ಲಿ. ಬೀದಿಯ ಮುದುಕ ಮುದುಕಿಯರೆಲ್ಲ ಬಂದು ಖಿಚಡಿ, ಕಢಿ, ಸಮೋಸಾ ತಿಂದು, ಚಹಾ ಕುಡಿದು, ಸರ್ಕಾರವನ್ನು ಬೈದು ಹೋಗುತ್ತಿದ್ದರು. ಹೂರಬಾಯಿ ಯಾರನ್ನೂ ತಟ್ಟೆ ಎತ್ತಲು ಬಿಡುತ್ತಿರಲಿಲ್ಲ. "ಮೆಹಮಾನ್ ಎದ್ದು ತಟ್ಟೆ ತೊಳೆದ್ರೆ ನಮ್ಮ ಮನೆ ಬರ್ಕತ್ ಹೋಗುತ್ತೆ" ಎನ್ನುವಳು. ಬಡಿಸುವುದೆಂದರೆ ಅವಳಿಗೆ ಹಬ್ಬ. ಬಡಿಸಿಕೊಳ್ಳುವುದು ಮಾತ್ರ ಬಾರದು. ನನ್ನ ಕೈಯಡುಗೆಯನ್ನೂ ಮೂಗಿನಿಂದಲೇ ತಿನ್ನುತ್ತಿದ್ದಳು.

ಎದುರು ಸಾಲಿನ ಡೊರೀನ್ ಬಂದದ್ದು ಮೊದಲ ಬುಧವಾರವೇ. ಶಾಲೆಯ ಅಡುಗೆಮನೆಯಲ್ಲಿ ಆಯಸ್ಸು ಸವೆಸಿದ ಹೆಂಗಸು, ಮಾತು ಕತ್ತರಿ, ಮನಸ್ಸು ಬೆಣ್ಣೆ. ಬರಿಗೈಯಲ್ಲಿ ಬರಲಿಲ್ಲ. ನೀಲಿ ಅಂಚಿನ ಪಿಂಗಾಣಿ ತಟ್ಟೆಯಲ್ಲಿ ತಾನೇ ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಆಪಲ್ ಪೈ ತಂದಿದ್ದಳು.

ಈಗ ನಮ್ಮ ಕಷ್ಟ ನೋಡಿ. ಪೈಯ ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ಕಲಸುವುದು ಇಲ್ಲಿನ ಹಳೆಯ ಮನೆಗಳ ಪದ್ಧತಿ. ಇದರಲ್ಲಿ ಏನು ಹಾಕಿದ್ದೀಯ ಎಂದು ಕೇಳೋಣವೆಂದರೆ, ಪ್ರೀತಿಯಿಂದ ತಂದ ತಿಂಡಿಯನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದ ಹಾಗೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬೇಡ ಎನ್ನುವಂತಿಲ್ಲ, ತಿನ್ನುವಂತಿಲ್ಲ, ಕಸಕ್ಕೆ ಹಾಕಿದರೆ ಅನ್ನಕ್ಕೆ ಮಾಡಿದ ದ್ರೋಹ. ಹೂರಬಾಯಿ ಎರಡೂ ಕೈ ಚಾಚಿ ತೆಗೆದುಕೊಂಡಳು.

"ಏನು ಘಮ ಡೊರೀನ್! ಒಳಗಿಡ್ತೀನಿ, ಆಮೇಲೆ ನಾವು ಹೆಂಗಸರು ನಿಧಾನವಾಗಿ ತಿಂತೀವಿ."

ಎಲ್ಲರೂ ಹೋದ ಮೇಲೆ ಹಿತ್ತಲ ಗೋಡೆಯ ಮೇಲೆ ಅದನ್ನು ಪುಡಿ ಮಾಡಿ ಪಾರಿವಾಳಗಳಿಗೆ ಹಾಕಿದಳು. "ಹಕ್ಕಿ ಹೊಟ್ಟೆ ತುಂಬಿದ್ರೆ ಸವಾಬು, ಪುಣ್ಯ ಬರುತ್ತೆ, ಡೊರೀನ್ ಮನಸ್ಸೂ ನೋಯಲಿಲ್ಲ" ಎಂದು ಕೈ ಕೊಡವಿಕೊಂಡಳು. ಪಿಂಗಾಣಿ ತಟ್ಟೆಯನ್ನು ತೊಳೆದು ಕೊಟ್ಟವಳು ನಾನೇ. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಜನವಲ್ಲ ನಾವು, ಅದರ ತುಂಬ ಸಮೋಸಾ ಇಟ್ಟು ಡೊರೀನಳಿಗೆ ಕಳಿಸಿದೆವು.

ಸಮೋಸಾ ತಿಂದ ಡೊರೀನ್ ಮುಂದಿನ ಬುಧವಾರ ಮತ್ತೊಂದು ಪೈ ತಂದಳು. ಆಮೇಲೆ ಅದೇ ರೂಢಿಯಾಯಿತು. ಪೈ ಬರುವುದು, ಹೊಗಳಿಕೆ, ಪಾರಿವಾಳ, ಸಮೋಸಾ. ನಮ್ಮ ಹಿತ್ತಲಿನ ಪಾರಿವಾಳಗಳು ಹಾರಲಾರದಷ್ಟು ಕೊಬ್ಬಿದವು. ವರ್ಷಗಳು ಉರುಳಿದವು. ಡೊರೀನ್ ಮತ್ತು ಹೂರಬಾಯಿ ಅಕ್ಕತಂಗಿಯರ ಹಾಗಾದರು. ಡೊರೀನಳ ಗಂಡ ಫ್ರೆಡ್ ಹಾಸಿಗೆ ಹಿಡಿದಾಗ ಹೂರಬಾಯಿ ದಿನವೂ ಹೋಗಿ ಸೂಪು ಕುಡಿಸಿ ಬಂದಳು. ಆತ ತೀರಿಕೊಂಡ ವಾರವೂ ಡೊರೀನ್ ಕಪ್ಪು ಕೋಟು ಹಾಕಿಕೊಂಡು ಪೈ ಹಿಡಿದು ಬಂದಳು. "ಸುಮ್ನೆ ಕೂತಿರಕ್ಕಾಗ್ಲಿಲ್ಲ ಕಣೇ, ಹಿಟ್ಟು ಕಲಸ್ದೆ" ಎಂದಳು. ಹೂರಬಾಯಿ ಅವಳನ್ನು ತಬ್ಬಿಕೊಂಡು ಅತ್ತಳು. ಮನಸಾರೆ ಅತ್ತಳು, ಅದರಲ್ಲಿ ಸುಳ್ಳಿಲ್ಲ. ಸಂಜೆ ಪೈ ಗೋಡೆಯ ಮೇಲಿತ್ತು.

ಹಾಲ್‌ಗೆ ಹತ್ತು ವರ್ಷ ತುಂಬಿದಾಗ ಸಮಾರಂಭ ಮಾಡಿದೆವು. ಹಾಜಿ ಸಾಹೇಬರು ಮಾತಾಡಿದರು, ಜನ ಆಕಳಿಸಿದರು. ಬೀದಿಯವರ ಪರವಾಗಿ ಡೊರೀನ್ ಎರಡು ಮಾತು ಹೇಳಲಿ ಎಂದು ಹೂರಬಾಯಿಯೇ ಅವಳನ್ನು ವೇದಿಕೆಗೆ ಹತ್ತಿಸಿದಳು.

"ನಂಗೆ ಭಾಷಣ ಬರಲ್ಲ, ಪೈ ಬರುತ್ತೆ" ಎಂದು ಡೊರೀನ್ ಶುರು ಮಾಡಿದಳು. ಎಲ್ಲರೂ ನಕ್ಕರು. "ಮೊದಲನೇ ಸಲ ಪೈ ತಂದಾಗ ಹೂರಾ ನಗ್ತಾನೇ ಇಸ್ಕೊಂಡ್ಲು, ಆದ್ರೆ ಕಣ್ಣಲ್ಲಿ ಏನೋ ಹೆದರಿಕೆ ಕಾಣಿಸ್ತು. ಅಡುಗೆಯವಳಿಗೆ ಅದು ಗೊತ್ತಾಗಲ್ವಾ? ಮಾರನೇ ದಿನಾನೇ ಇಸ್ಮಾಯಿಲ್ ಅಂಗಡಿಗೆ ಹೋಗಿ, 'ನಿಮ್ಮೋರು ಯಾವ ಕೊಬ್ಬು ತಿಂತೀರಪ್ಪಾ?' ಅಂದೆ. ಅವನು ತೆಂಗಿನ ಎಣ್ಣೆದೋ ಎಂಥದ್ದೋ ಒಂದು ಡಬ್ಬಿ ಕೊಟ್ಟ. ಅವತ್ತಿಂದ ಅದೇ. ಒಲೆಗಿಡೋ ತಟ್ಟೆ ಬೇರೆ, ಲಟ್ಟಣಿಗೆ ಬೇರೆ. ಆ ತಟ್ಟೇಲಿ ಫ್ರೆಡ್ ಒಂದ್ಸಲ ಹಂದಿಮಾಂಸ ಹುರಿದ ಅಂತ ಹಿತ್ತಲಿಗೆ ಎಸೆದು ಹೊಸದು ತಂದೆ. 'ನಿಮ್ಮಮ್ಮ ಮಾಡ್ತಿದ್ದ ರುಚಿ ಇಲ್ಲ' ಅಂತ ಅವನು ಸಾಯೋವರೆಗೂ ಗೊಣಗಿದ. 'ಹೂರಾ ತಿಂತಾಳಲ್ಲ, ಸಾಕು' ಅಂದೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅತ್ತಿಗೆಯ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ನನಗೂ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಭಾಭಿ, ಬಾಯಿ ಬಿಡಬೇಡ. ಅವಳಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಇನ್ಮೇಲೆ ತಿಂದ್ರಾಯ್ತು."

"ಎಲ್ಲರ ಮುಂದೆ ನನ್ನ ಹೊಗಳಿದ್ಲು ಜೈಬುನ್. ಆ ಹೊಗಳಿಕೆ ಇಟ್ಕೊಂಡು ನಾನು ಮನೆಗೆ ಹೆಂಗೆ ಹೋಗ್ಲಿ?"

"ಹೇಳಿದ್ರೆ ಅವಳು ಕೈ ಬಿಟ್ಟು ಹೋಗ್ತಾಳೆ."

"ಗೊತ್ತು. ನಂಗೆ ಅದೇ ಭಯ. ನಾಚಿಕೆಯಿಂದ ಮೈಯೆಲ್ಲ ಉರೀತಿದೆ ಕಣೇ, ಅವಳ ಮುಖ ಹೆಂಗೆ ನೋಡ್ಲಿ?"

ಆದರೂ ನೋಡಿದಳು. ಜನ ಚದುರಿದ ಮೇಲೆ, ಕೋಟು ಹಾಕಿಕೊಳ್ಳುತ್ತಿದ್ದ ಡೊರೀನಳ ಮುಂದೆ ನಿಂತು ಹೇಳಿಯೇಬಿಟ್ಟಳು. ಸುತ್ತಿ ಬಳಸಲಿಲ್ಲ.

"ನಿನ್ನ ಪೈ ನಾನು ತಿಂದಿಲ್ಲ ಡೊರೀನ್. ಹಂದಿ ಕೊಬ್ಬು ಇದೆ ಅಂದ್ಕೊಂಡೆ. ಕೇಳೋಕೆ ಬಾಯಿ ಬರಲಿಲ್ಲ. ಹಕ್ಕಿಗಳಿಗೆ ಹಾಕ್ದೆ."

ಡೊರೀನ್ ಕೋಟಿನ ಒಂದು ತೋಳು ಹಾಕಿಕೊಂಡಿದ್ದಳು, ಇನ್ನೊಂದು ನೇತಾಡುತ್ತಿತ್ತು.

"ಯಾವತ್ತು?"

"ಯಾವಾಗ್ಲೂ."

"ಎಲ್ಲಾನೂ?"

"ಎಲ್ಲಾನೂ."

ಡೊರೀನ್ ಬಹಳ ಮೆಲ್ಲಗೆ ಕೇಳಿದಳು, "ಫ್ರೆಡ್ ಹೋದ ವಾರದ್ದೂನಾ?"

ಹೂರಬಾಯಿ ಹೌದೆಂದು ತಲೆ ಆಡಿಸಿದಳು. ಡೊರೀನ್ ಇನ್ನೊಂದು ತೋಳು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ, ಮೇಜಿನ ಮೇಲಿದ್ದ ತನ್ನ ಪಿಂಗಾಣಿ ತಟ್ಟೆಯನ್ನು ಎತ್ತಿಕೊಂಡಳು. ಅವತ್ತು ಅದು ಖಾಲಿಯಾಗಿಯೇ ಹೋಯಿತು.

ಮುಂದಿನ ಬುಧವಾರ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಹೂರಬಾಯಿ ಬಡಿಸಿದಳು, ಆದರೆ ಯಾರಿಗೆ ಏನು ಬಡಿಸಿದೆನೆಂಬ ಗಮನವೇ ಇರಲಿಲ್ಲ. ಸಕ್ಕರೆ ಕಾಯಿಲೆಯವರ ಚಹಾಕ್ಕೆ ಸಕ್ಕರೆ ಹಾಕಿದಳು. ಹಾಜಿ ಸಾಹೇಬರು "ಏನಮ್ಮಾ, ಇಲ್ಲಿ ಎಲ್ಲರೂ ನಮ್ಮೋರೇ ಅಂತಿದ್ದೆ, ಒಬ್ಬಳು ಮುದುಕಿ ಬರದಿದ್ರೆ ಇಷ್ಟ್ಯಾಕೆ ಬೇಜಾರು?" ಎಂದು ತಮಾಷೆ ಮಾಡಿದರೆ, ಎದ್ದು ಹೋಗಿ ಪಾತ್ರೆ ತಿಕ್ಕತೊಡಗಿದಳು. ಅವಳ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ಶಾಲು ಹೊದ್ದು ಹೊರಟಳು. ನಾನು ಸಮೋಸಾ ಡಬ್ಬಿ ಹಿಡಿದುಕೊಂಡು ಹಿಂದೆ ಓಡಿದೆ.

"ಅದನ್ನ ಇಟ್ಟು ಬಾ" ಎಂದಳು. "ಕೊಟ್ಟು ಕೊಟ್ಟು ಅಭ್ಯಾಸ ಆಗಿದೆ ನಂಗೆ. ಇವತ್ತು ಕೇಳೋಕೆ ಹೋಗ್ತಿದೀನಿ."

ಡೊರೀನ್ ಬಾಗಿಲು ತೆರೆದಳು. ಒಳಗಿನಿಂದ ಬೇಯುತ್ತಿರುವ ಸೇಬಿನ ಪರಿಮಳ ಬಂತು. ಹೂರಬಾಯಿ ಮೆಟ್ಟಿಲ ಮೇಲೆ ನಿಂತು, ಎಂದೂ ಯಾರ ಬಾಗಿಲಲ್ಲೂ ಏನೂ ಬೇಡದವಳು, ಚಿಕ್ಕ ಹುಡುಗಿಯ ಹಾಗೆ ಕೇಳಿದಳು.

"ಒಂದು ತುಂಡು ಪೈ ಕೊಡ್ತೀಯಾ ಡೊರೀನ್?"

ಡೊರೀನಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಈಗ ನಮ್ಮಮ್ಮನ ಥರಾನೇ ಮಾಡ್ತೀನಿ" ಎಂದಳು. "ಹಂದಿ ಕೊಬ್ಬು ಹಾಕಿ. ಇಷ್ಟು ವರ್ಷ ಆದ್ಮೇಲೆ ಬಾಯಿಗೆ ರುಚಿ ಹತ್ತಿದೆ."

ಹೂರಬಾಯಿ ತಲೆ ತಗ್ಗಿಸಿ ಅಲ್ಲೇ ನಿಂತಿದ್ದಳು, ಕದಲಲಿಲ್ಲ. ಡೊರೀನ್ ಅವಳನ್ನೇ ನೋಡುತ್ತಿದ್ದು, ಕೊನೆಗೆ ಬಾಗಿಲನ್ನು ಇನ್ನಷ್ಟು ತೆರೆದಳು.

"ಬರೋದಾದ್ರೆ ಬಾ. ನೀನು ತಿನ್ನೋವಂಥದ್ದು ಈ ಮನೇಲಿ ಏನೂ ಇಲ್ಲ."

ಒಳಗೆ ಹೋಗಿ ಕೂತೆವು. ಟಿವಿಯಲ್ಲಿ ಯಾರೋ ತೋಟದ ಬಗ್ಗೆ ಮಾತಾಡುತ್ತಿದ್ದರು. ಡೊರೀನ್ ಪೈ ತೆಗೆದು, ತನಗೊಂದು ತುಂಡು ಕತ್ತರಿಸಿಕೊಂಡು ನಮ್ಮ ಮುಂದೆಯೇ ತಿಂದಳು. ಚಹಾ ಬೇಕಾ ಎಂದು ಕೇಳಲಿಲ್ಲ. ಹೂರಬಾಯಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವಳು ತಿಂದು ಮುಗಿಸುವವರೆಗೂ ಕೂತಿದ್ದಳು.

ರಸ್ತೆಗೆ ಬಂದ ಮೇಲೆ ನಾನು ತಡೆಯಲಾರದೆ ಅಂದೆ, "ಒಂದು ಲೋಟ ನೀರೂ ಕೊಡಲಿಲ್ಲ ನೋಡು. ಶತ್ರು ಬಂದ್ರೂ ನಾವು ಹಂಗೆ ಕಳಿಸಲ್ಲ. ಮತ್ತೆ ಹೋಗ್ತೀಯಾ ಆ ಮನೆಗೆ?"

"ಬುಧವಾರ ಊಟ ಮುಗಿಸಿ ಹೋಗ್ತೀನಿ. ಪ್ರತಿ ಬುಧವಾರ ಹೋಗ್ತೀನಿ."

"ಯಾಕೆ, ಈ ಮರ್ಯಾದೆ ಸಾಲಲಿಲ್ವಾ?"

ಹೂರಬಾಯಿ ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡಳು.

"ನಮ್ಮ ಸಮೋಸಾದಲ್ಲಿ ಏನಿದೆ ಅಂತ ಅವಳು ಒಂದು ದಿನಾನೂ ಕೇಳಲಿಲ್ಲ ಜೈಬುನ್. ಕೊಟ್ಟಿದ್ದನ್ನ ತಿಂದಳು."