ಖಾಲಿ ಎಂದ ಡಿಸ್ಕ್

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಒಂದು ಹಳೆಯ ಲ್ಯಾಪ್‌ಟಾಪ್ ತಂದು, "ಮೇಡಂ, ಇದಕ್ಕೂ ನಿಮ್ಮ ಆ ಲಿನಕ್ಸ್ ಹಾಕಿಕೊಡ್ತೀರಾ?" ಎಂದರು. ಆನ್ ಮಾಡಿದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಆಫ್ ಮಾಡಿಬಿಟ್ಟೆ. ನಗಬೇಡಿ, ಕಾರಣ ಹೇಳುತ್ತೇನೆ.

ನಾನೇನು ಕಂಪ್ಯೂಟರ್ ಓದಿದವಳಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಹೇಳುವವಳು. ಸತ್ತೇಹೋಗಿದ್ದ ನನ್ನ ಲ್ಯಾಪ್‌ಟಾಪ್ ವಿಂಡೋಸ್ ತೆಗೆದು, ಬಿಟ್ಟಿ ಸಿಗುವ ಲಿನಕ್ಸ್ ಹಾಕಿದ ಮೇಲೆ ಎದ್ದು ಕೂತದ್ದರಿಂದ ಗೋಪಾಳ ಬಡಾವಣೆಯ ನಮ್ಮ ರಸ್ತೆಯಲ್ಲಿ ನನಗೆ ಡಾಕ್ಟರ್ ಪಟ್ಟ ಸಿಕ್ಕಿಬಿಟ್ಟಿತ್ತು. ಆ ಜಂಬದಲ್ಲೇ ಕೆಲವು ವರ್ಷಗಳ ಹಿಂದೆ ಭದ್ರಾವತಿಗೆ, ದೊಡ್ಡಮ್ಮನ ಮಗಳು ಗಿರಿಜಕ್ಕನ ಮನೆಗೆ ಹೋದೆ. ಅವಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಏಳುತ್ತಲೇ ಇರಲಿಲ್ಲ.

ಗಿರಿಜಕ್ಕನದು ಒಂದು ಕಾಲಕ್ಕೆ ಎಂಥ ಗಂಟಲು ಅಂತೀರಿ! ಹಿತ್ತಿಲಲ್ಲಿ ನಿಂತು ಭಾವನನ್ನು ಕರೆದರೆ ಕ್ವಾರ್ಟರ್ಸಿನ ಆಚೆ ಸಾಲಿನ ಗಂಡಸರೂ ತಿರುಗಿ ನೋಡುತ್ತಿದ್ದರು. ಆಮೇಲೆ ಅದೇ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಈಗ ಅವಳು ಹೇಳಬೇಕಾದ್ದನ್ನೆಲ್ಲ ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ.

"ಇದ್ರಲ್ಲಿ ಬೇಕಾದ್ದೇನಾದ್ರೂ ಇದೆಯಾ?" ಎಂದು ಕೇಳಿದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ, "ಎಂಥದೂ ಇಲ್ಲ ಮಾರಾಯ್ತಿ, ಫೋಟೋ ಎಲ್ಲ ಮೊಬೈಲಲ್ಲಿದೆ" ಎಂದರು. ಆದರೂ ಹಳೆಯ ಫೈಲುಗಳ ಭಾಗ ಮುಟ್ಟದೆ ಉಳಿದ ಜಾಗದಲ್ಲಿ ಲಿನಕ್ಸ್ ಹಾಕೋಣ ಎಂದುಕೊಂಡೆ. ಡಿಸ್ಕನ್ನು ಭಾಗ ಮಾಡುವುದು ಜಮೀನು ಹಿಸ್ಸೆ ಮಾಡಿದ ಹಾಗೆ. ಬೇಲಿ ಎಲ್ಲಿದೆ ಅಂತ ಕಂಡರೆ ಜಗಳವಿಲ್ಲ. ಪೆನ್‌ಡ್ರೈವ್ ಚುಚ್ಚಿ ಕಾದ ಧೂಳಿನ ವಾಸನೆಯಲ್ಲೇ ಆ ಹಂತಕ್ಕೆ ಬಂದೆ. ಬೇಲಿಯೇ ಇರಲಿಲ್ಲ. ಇಡೀ ಡಿಸ್ಕಿಗೆ ಒಂದೇ ಬೂದು ಪಟ್ಟಿ: ಖಾಲಿ ಜಾಗ.

"ಖಾಲಿ ಇದ್ರೆ ಒಳ್ಳೇದೇ ಆಯ್ತಲ್ಲ, ಮುಂದೆ ಒತ್ತು" ಎಂದರು ಭಾವ.

ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಅಕ್ಕ ಪರದೆ ನೋಡಿದಳು. ಗಡಿಬಿಡಿಯಲ್ಲಿ ಏನೋ ಬರೆದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು: "ನನ್ನ ದನಿ ಅದ್ರಲ್ಲಿದೆ."

ಆಪರೇಷನ್ನಿಗೆ ಮುಂಚೆ, ಯಾರಿಗೂ ಹೇಳದೆ, ಒಬ್ಬಳೇ ಕೂತು ರೆಕಾರ್ಡ್ ಮಾಡಿಟ್ಟಿದ್ದಳಂತೆ. ಬೇರೆಲ್ಲೂ ಪ್ರತಿ ಇಲ್ಲ. ಭಾವ ಅವಳ ಕಡೆ ತಿರುಗಿದರು. "ನಂಗೇ ಹೇಳ್ಲಿಲ್ವಲ್ಲೇ" ಎಂದರು. ಮುಂದೆ ಒತ್ತಿದ್ದರೆ ಇದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಏನನ್ನೂ ಒತ್ತದೆ ಆಫ್ ಮಾಡಿದೆ.

ಮನೆಗೆ ಒಯ್ದು ನೋಡುತ್ತೇನೆ ಎಂದೆ. ಅಕ್ಕ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಬಸ್ ಹತ್ತಿದಳು. ರಸ್ತೆಯ ಹಂಪುಗಳ ಮೇಲೆ ಬಸ್ ಕುಕ್ಕಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಅದನ್ನು ಅವುಚಿ ಹಿಡಿಯುತ್ತಿದ್ದೆವು. ಶಿವಮೊಗ್ಗಕ್ಕೆ ಮುಂಚೆ ಸಿಗುವ ಮಲವಗೊಪ್ಪ ದಾಟುವಾಗ ಬರೆದು ತೋರಿಸಿದಳು: "ಸಿಗದಿದ್ರೆ ಸುಳ್ಳು ಹೇಳ್ಬೇಡ." ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆ ಮಧ್ಯಾಹ್ನ ಇಂಟರ್‌ನೆಟ್ಟಿನಲ್ಲಿ ಯಾರ್‍ಯಾರದೋ ಗೋಳನ್ನೆಲ್ಲ ಓದಿದೆ. ಒಬ್ಬಾತನ ಕಷ್ಟ ಥೇಟ್ ನಮ್ಮದೇ. ಡಿಸ್ಕ್ ಖಾಲಿಯಾಗಿರಲಿಕ್ಕಿಲ್ಲ, ಹಿಂದೆ ಯಾವಾಗಲೋ ಮಾಡಿದ್ದ ಹಿಸ್ಸೆಯ ಗುರುತು ಅಳಿಯದೆ ಉಳಿದಿದ್ದರೂ ಲಿನಕ್ಸ್ ಹಾಕುವ ಇನ್‌ಸ್ಟಾಲರ್ ಹೀಗೆ ಗಲಿಬಿಲಿಗೊಳ್ಳುತ್ತದೆ ಅಂತ ಅವನಿಗೆ ಯಾರೋ ಉತ್ತರಿಸಿದ್ದರು. ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿದೆ. ಅದು ಮುಗಿಯುವವರೆಗೂ ಅಕ್ಕ ಪಕ್ಕದಲ್ಲೇ ಕೂತಿದ್ದಳು, ಕಾಫಿ ಆರಿಹೋಯಿತು. ಆಮೇಲೆ ನಕಲಿನ ಮೇಲೆ, ಉಸಿರು ಬಿಗಿಹಿಡಿದು, ಆ ಹಳೆಯ ಗುರುತನ್ನಷ್ಟೇ ಅಳಿಸಿದೆ. ಬೂದು ಪಟ್ಟಿ ಭಾಗಭಾಗವಾಗಿ ಒಡೆದುಕೊಂಡಿತು. ಫೈಲುಗಳೆಲ್ಲ ಇದ್ದ ಹಾಗೇ ಇದ್ದವು.

ಅಕ್ಕ ತಕ್ಷಣ ಭಾವನಿಗೆ ಫೋನ್ ಹಚ್ಚಿ ಕಂಪ್ಯೂಟರಿನ ಸ್ಪೀಕರಿನ ಹತ್ತಿರ ಹಿಡಿದಳು. ನಾನು ಒಂದು ಫೈಲ್ ಒತ್ತಿದೆ.

"ರೀ... ಕೇಳಿಸ್ತೇನ್ರೀ? ಊಟಕ್ಕೆ ಬನ್ನಿ!"

"ಬಂದೆ ಕಣೇ" ಎಂದಿತು ಫೋನು, ಅಭ್ಯಾಸಬಲದಿಂದ.  ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಈಗ ಊಟದ ಆ ಕೂಗು ಅವಳ ಮೊಬೈಲಿನಲ್ಲೇ ಇದೆ. ಮಧ್ಯಾಹ್ನ ತಟ್ಟೆ ಹಾಕಿ ಒತ್ತುತ್ತಾಳೆ. ಅದು ಕೂಗದೆ ಭಾವ ಏಳುವುದಿಲ್ಲ. ಹೋದ ಭಾನುವಾರ ನಾನೂ ಅಲ್ಲಿದ್ದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದವಳು ದನಿ ಕೇಳಿ, "ಬಂದೆ ಅಕ್ಕಾ" ಎನ್ನುತ್ತ ಎದ್ದೇಬಿಟ್ಟಿದ್ದೆ.