ಹಲಗೆಗಳಿಗೆ ಕೂಲರ್

ಲಿಂಗಸುಗೂರಿನಿಂದ ನೆಲದ ಹಲಗೆ ಹೊತ್ತು ಬರುವ ಟಂಟಂ ಗಾಡಿ ಮಸ್ಕಿಯ ಹತ್ತಿರ ಮಗುಚಬಹುದಿತ್ತು. ನಾನು ಆರಿಸಿದ ಸಾಗವಾನಿ ಬಣ್ಣದ ಬದಲು ಪೆಟ್ಟಿಗೆಯೊಳಗೆ ಬದನೆಕಾಯಿ ಬಣ್ಣ ಇರಬಹುದಿತ್ತು. ಅರ್ಧ ಹಾಸಿದ ಮಿಸ್ತ್ರಿ, "ವಳಕಮದಿನ್ನ್ಯಾಗ ನಮ್ಮ ಮಾವನ ಭತ್ತದ ಕೊಯ್ಲೈತ್ರೀ" ಎಂದು ಹೋದವನು ಫೋನೆತ್ತದೇ ಇರಬಹುದಿತ್ತು. ಕಾಲುವೆ ನೀರಿನ ತೇವ ಮೇಲೇರಿ ಹಲಗೆಗಳು ಹಪ್ಪಳದಂತೆ ಉಬ್ಬಬಹುದಿತ್ತು. ನೆಲ ಎತ್ತರವಾಗಿ, ಬಾಗಿಲು ಕಚ್ಚಿಕೊಂಡು ನಾವೆಲ್ಲ ಒಳಗೇ ಉಳಿಯಬಹುದಿತ್ತು. ಗೆದ್ದಲನ್ನೂ ನಾನು ಬಿಟ್ಟಿರಲಿಲ್ಲ.

"ಇದು ಪ್ಲಾಸ್ಟಿಕ್ ರೀ ಸರ. ತಿಂದ್ರ ಗೆದ್ಲ ಸಾಯ್ತಾವು," ಎಂದು ಮಿಸ್ತ್ರಿ ನಕ್ಕ. ಆ ಪಾಪ ಯಾರಿಗೆ ಎಂಬ ಹೊಸ ಚಿಂತೆ ಸೇರಿತು.

ಇಷ್ಟಕ್ಕೆಲ್ಲ ಕಾರಣ ಅವ್ವ. ಸಿಂಧನೂರಿನ ನಮ್ಮ ಮನೆಯ ಪಡಸಾಲೆಗೆ ಅಪ್ಪ ಹಾಕಿಸಿದ ಪರಸಿ ಕಲ್ಲು ತುಳಿದು ತುಳಿದು ಕನ್ನಡಿಯಾಗಿತ್ತು. ಒರೆಸಿ ಇನ್ನೂ ಆರದ ಆ ಕಲ್ಲಿನ ಮೇಲೆ ಅವ್ವ ಜಾರಿ ಬಿದ್ದು ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡಳು. ಇನ್ನೊಮ್ಮೆ ಬಿದ್ದರೆ ಸೊಂಟವೇ ಎಂದರು ಡಾಕ್ಟರು. ಅಂದಿನಿಂದ ಅವಳು ಎದ್ದು ನಿಂತರೆ ಸಾಕು, ನಾನು ಹಿಡಿಯಲು ಓಡುತ್ತಿದ್ದೆ. ಅದಕ್ಕೇ ಈ ಕಾಲು ಜಾರದ ವಿನೈಲ್ ಹಲಗೆ. ಅಡುಗೆಮನೆಯ ಕಲ್ಲು ಮೊದಲಿನಿಂದ ಒರಟು, ಅದನ್ನು ಬಿಟ್ಟೆ.

ಬಂದ ಹಲಗೆಗಳು ಹಾಸುವ ಮೊದಲು ಎರಡು ದಿನ ಪಡಸಾಲೆಯಲ್ಲೇ ಬಿದ್ದಿರಬೇಕಂತೆ. "ಮನಿ ಹವಾ ಹಿಡೀಬೇಕ್ರೀ. ಭಾಳ ಬಿಸಿ ಆಗಬಾರ್ದು ನೋಡ್ರಿ," ಎಂದು ಹೇಳಿ ಮಿಸ್ತ್ರಿ ಹೋದ. ಬೇಸಿಗೆಯ ಸಿಂಧನೂರಿನಲ್ಲಿ 'ಭಾಳ ಬಿಸಿ' ಎಂದರೆ ಎಷ್ಟು ಎಂದು ಕೇಳಲು ಮರೆತೆ. ಅವ್ವ ಮಲಗುವ ಮೂಲೆಯ ಕೂಲರನ್ನು ಎಳೆದು ತಂದು ಹಲಗೆಗಳ ಕಡೆ ತಿರುಗಿಸಿದೆ.

"ಲೇ ತಮ್ಮಾ, ಹಡದಾಕಿಗೆ ಬೀಸಣಿಕಿ, ಹಲಿಗಿಗೆ ಕೂಲರ್ ಏನೋ?"

"ಎರಡ ದಿನ ಬೇ ಅವ್ವಾ. ಅವು ಉಬ್ಬಿದ್ರ ನೀ ಎಡವಿ ಬೀಳ್ತಿ."

"ಸುಮ್ಮನಿರ್ರಿ ಅತ್ತೀ, ಬೀಗರು ಬಂದಾರ," ಎಂದಳು ನನ್ನ ಹೆಂಡತಿ, ಹಲಗೆಗಳತ್ತ ಕೈ ತೋರಿಸಿ. "ಶರಬತ್ ಮಾಡ್ಲೇನ್ರೀ ಅವರಿಗೆ?"

ಮೂರನೇ ದಿನ ಮಿಸ್ತ್ರಿ ಹೇಳಿದ ಹೊತ್ತಿಗೇ ಬಂದ. ಅದೇ ಒಂದು ಅಪಶಕುನ ಅನ್ನಿಸಿತು. ಹಲಗೆಗಳನ್ನು ಒಂದಕ್ಕೊಂದು ಟಕ್ಕೆಂದು ಕೂಡಿಸುತ್ತ ಸಂಜೆಯೊಳಗೆ ಮುಗಿಸಿದ. ಏನೂ ಉಬ್ಬಲಿಲ್ಲ. ಬಾಗಿಲು ಸಲೀಸಾಗಿ ತೆರೆಯಿತು. ಅವ್ವನ ಕೈ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಡೆಸಿದೆ. ಕಾಲು ತೊಳೆಸಿ, ಒದ್ದೆಯಲ್ಲೇ ಇನ್ನೊಮ್ಮೆ ನಡೆಸಿದೆ. ಜಾರಲಿಲ್ಲ. ಅವಳು ಬಗ್ಗಿ ಮುಟ್ಟಿ ನೋಡಿದಳು.

"ಥೇಟ್ ಕಟ್ಟಿಗಿನ ಐತಿ."

"ಚೊಲೋ ಐತಿಲ್ಲ ಬೇ?"

"ಚೊಲೋ ಐತಿ. ಆದ್ರ ಕಟ್ಟಿಗಿ ಮ್ಯಾಲೆ ನನ್ನ ಹೆಂಗೂ ಒಮ್ಮೆ ಮಲಗಿಸವ ಇದ್ದೀ. ಇಷ್ಟು ಅವಸರ ಯಾಕಪಾ?"

ಮರುದಿನ ಮಧ್ಯಾಹ್ನ ಊಟಕ್ಕೆ ಬಂದರೆ ಪಡಸಾಲೆ ಜಾಹೀರಾತಿನ ಹಾಗೆ ಹೊಳೆಯುತ್ತಿತ್ತು. ಒಂದು ನರಪಿಳ್ಳೆಯೂ ಇಲ್ಲ. ಅಡುಗೆಮನೆಗೆ ಓಡಿದೆ. ಸಿಲಿಂಡರಿಗೂ ಅಕ್ಕಿ ಡಬ್ಬಿಗೂ ನಡುವೆ ಒರಟು ಪರಸಿಯ ಮೇಲೆ ಅವ್ವ ಸೆರಗು ಹಾಸಿ ಮಲಗಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ.

"ಇಲ್ಲ್ಯಾಕ ಬೇ?"

"ಆ ನೆಲ ನಡ್ಯಾಕ ಭೇಷ್ ಐತಿ. ಮೈ ಚೆಲ್ಲಾಕ ಕಲ್ಲಿನಂಗ ತಂಪಿಲ್ಲ."

"ಇಲ್ಲಿ ಬಿದ್ದ ಗಿದ್ದೀ..."

"ಮಲಕ್ಕೊಂಡಾಕಿ ಎಲ್ಲಿ ಬೀಳ್ತೀನೋ ಮೂಳಾ?"

ಹೊರಗೆ ಬಿಸಿಲು ಕಾಯುತ್ತಿತ್ತು. ನಾನೂ ಮಲಗಿದೆ. ಅಡುಗೆಮನೆ ಸಣ್ಣದು, ಬೆನ್ನಿಗೆ ಕಲ್ಲು ಸಿಕ್ಕಿತು, ಕಾಲುಗಳು ಮಾತ್ರ ಬಾಗಿಲಾಚೆ ಪಡಸಾಲೆಯ ವಿನೈಲಿನ ಮೇಲೆ ಉಳಿದವು.